ಅದು ಯಾವ ಮಣ್ಣಲ್ಲಿರೋದು?

ಮೇ ತಿಂಗಳ ಕೊನೆಗೆ ಊರಿಗೆ ಹೋಗಿದ್ದೆ. ದುದ್ದ ಹೋಬಳಿಯಲ್ಲಿ ನಮ್ಮ ಹಳ್ಳಿ. ಹಾಸನ ಬಸ್ ಸ್ಟ್ಯಾಂಡಿಗೆ ಅಪ್ಪ ಲಗೇಜ್ ಆಟೋದಲ್ಲಿ ಬಂದಿದ್ದರು. ಹಿಂದೆ ಜಲಂಧರದ ಬಿತ್ತನೆ ಆಲೂಗೆಡ್ಡೆ ಹತ್ತು ಮೂಟೆ. ಎಪಿಎಂಸಿ ಯಾರ್ಡಿನಿಂದ ಸೀದಾ ಬಂದದ್ದು. ಡ್ರೈವರ್ ಪಕ್ಕದಲ್ಲಿ ಅಪ್ಪನೂ ನಾನೂ ಒತ್ತಿಕೊಂಡು ಕೂತೆವು.

ದಾರಿಯಲ್ಲಿ ಅಪ್ಪ ಕೇಳಿದರು. "ಅದೇನವ್ವ, ಕಡಲ ಅಡಿಲಿ ಉರಿಯೋ ಮಂಜುಗಡ್ಡೆ ಐತೆ ಅಂತಿದ್ದೆಯಲ್ಲ. ಅದು ಯಾವ ಮಣ್ಣಲ್ಲಿರೋದು?"

ಚೆನ್ನೈನ ಒಂದು ಲ್ಯಾಬಿನಲ್ಲಿ ಐದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗೆಳತಿಯರು, ನೆಂಟರು, ರೈಲಿನಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳಿದ್ದು ಎಷ್ಟು ಗ್ಯಾಸ್ ಇದೆ, ಯಾವಾಗ ಸಿಗುತ್ತೆ, ಸಿಲಿಂಡರ್ ಬೆಲೆ ಇಳಿಯುತ್ತಾ ಅಂತ. ಯಾವ ಮಣ್ಣು ಅಂತ ಕೇಳಿದ್ದು ಅಪ್ಪ ಒಬ್ಬರೇ. ಆಲೂಗೆಡ್ಡೆ ಬೆಳೆಯುವವರಿಗೆ ಅದು ಮೊದಲ ಪ್ರಶ್ನೆ. ನನಗೂ ಅದೇ ಮೊದಲ ಪ್ರಶ್ನೆ ಆಗಬೇಕಿತ್ತು. ಅದು ಅರ್ಥವಾಗೋಕೆ ನನಗೆ ಎರಡು ವರ್ಷ ಹಿಡಿಯಿತು.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹೆಸರು ಮೀಥೇನ್ ಹೈಡ್ರೇಟ್. ನೋಡೋಕೆ ಮಂಜುಗಡ್ಡೆ ಥರಾನೇ ಇರುತ್ತೆ. ಆದರೆ ಇದರಲ್ಲಿ ನೀರಿನ ಅಣುಗಳು ಒಂದಕ್ಕೊಂದು ಕೈ ಹಿಡಿದು ಪಂಜರ ಕಟ್ಟುತ್ತವೆ. ಪಂಜರದೊಳಗೆ ಮೀಥೇನ್ ಅನ್ನೋ ಉರಿಯುವ ಗ್ಯಾಸಿನ ಒಂದೊಂದು ಅಣು. 46 ನೀರಿನ ಅಣುಗಳಿಗೆ 8 ಪಂಜರ. ಮೀಥೇನ್‌ಗೂ ನೀರಿಗೂ ಗಂಟೇನೂ ಬಿದ್ದಿಲ್ಲ, ಅದು ಸುಮ್ನೆ ಒಳಗೆ ಕೂತಿರುತ್ತೆ. ಆದರೂ ಅದು ಕೂತಿರೋದರಿಂದಲೇ ಪಂಜರ ನಿಂತಿರುತ್ತೆ. ಹಕ್ಕಿ ಹಾರಿಹೋದರೆ ಪಂಜರವೂ ಬಿದ್ದುಹೋಗುತ್ತೆ.

ಇದಕ್ಕೆ ಚಳಿ ಬೇಕು, ಒತ್ತಡ ಬೇಕು. ನೀರು 0 ಡಿಗ್ರಿಯಲ್ಲಿದ್ದರೆ ಸುಮಾರು 26 ಬಾರ್ ಸಾಕು. 4 ಡಿಗ್ರಿಗೆ ಸುಮಾರು 40 ಬಾರ್. 10 ಡಿಗ್ರಿಗೆ 70 ದಾಟಬೇಕು. ಕಾರಿನ ಟೈರಿನಲ್ಲಿರೋದು 2 ಬಾರ್ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ಕಡಲಲ್ಲಿ 10 ಮೀಟರ್ ಇಳಿದರೆ ಒಂದು ಬಾರ್ ಏರುತ್ತೆ. ಸಾವಿರ ಮೀಟರ್ ಕೆಳಗೆ ನೂರು ಬಾರ್. ಅಲ್ಲಿ ನೀರೂ ತಣ್ಣಗೆ. ಹೂಳಿನಲ್ಲಿ ಕೊಳೆತ ಜೀವಿಗಳಿಂದ ಬಂದ ಮೀಥೇನ್ ಸಿಕ್ಕಿತು ಅಂದರೆ ಹೈಡ್ರೇಟ್ ಆಗೇಬಿಡುತ್ತೆ. ಕರಗಿಸಿದರೆ ಒಂದು ಲೀಟರ್ ಹೈಡ್ರೇಟಿನಿಂದ ಸುಮಾರು 160 ಲೀಟರ್ ಗ್ಯಾಸ್ ಬರುತ್ತೆ. ಕಡ್ಡಿ ಗೀರಿದರೆ ಗಡ್ಡೆಯೇ ಉರಿಯುತ್ತೆ, ಕೆಳಗೆ ನೀರು ತೊಟ್ಟಿಕ್ಕುತ್ತೆ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಲೋಕಕ್ಕೆ ಇದು ಹೊಸದೇನೂ ಅಲ್ಲ. 1810ರ ಹೊತ್ತಿಗೇ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಮತ್ತು ನೀರು ಸೇರಿ ಇಂಥ ಹರಳಾಗೋದನ್ನು ಕಂಡಿದ್ದರು. 1934ರಲ್ಲಿ ಹ್ಯಾಮರ್‌ಶ್ಮಿಟ್ ಅನ್ನೋರು, ಅಮೆರಿಕದ ಗ್ಯಾಸ್ ಪೈಪುಗಳು ಚಳಿಗಾಲದಲ್ಲಿ ಕಟ್ಟಿಕೊಳ್ಳೋದಕ್ಕೆ ಬರೀ ಮಂಜುಗಡ್ಡೆ ಕಾರಣ ಅಲ್ಲ, ಹೈಡ್ರೇಟ್ ಅಂತ ತೋರಿಸಿದರು. ಅಲ್ಲಿಯವರೆಗೆ ಲ್ಯಾಬಿನ ಕುತೂಹಲ. ಅಲ್ಲಿಂದ ಮುಂದೆ ಪೈಪಿನ ತಲೆನೋವು. ಹೂಳಿನಲ್ಲಿರುವ ಹೈಡ್ರೇಟಿನ ಕಡೆ ಜನ ತಿರುಗಿದ್ದು ಆಮೇಲೆ.

ಅವತ್ತು ಸಂಜೆ ಮೂಟೆ ಬಿಚ್ಚಿ ಗೆಡ್ಡೆ ಹರಡಿದೆವು. ಈ ಗೆಡ್ಡೆ ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಇದ್ದದ್ದು, 2ರಿಂದ 4 ಡಿಗ್ರಿಯಲ್ಲಿ. ನನ್ನ ಸೆಲ್‌ನ ಒಳಗೂ ಅಷ್ಟೇ ಚಳಿ. ಸೆಲ್ ಅಂದರೆ ದಪ್ಪ ಗೋಡೆಯ ಸ್ಟೀಲ್ ಪಾತ್ರೆ, ಒಳಗೆ ಅರ್ಧ ಲೀಟರ್ ಜಾಗ. ಮುಚ್ಚಳಕ್ಕೆ ಎಂಟು ಬೋಲ್ಟು. ಸುತ್ತ ಗ್ಲೈಕಾಲ್ ಬೆರೆಸಿದ ನೀರು ಹರಿಯುತ್ತಿರುತ್ತೆ, ಅದನ್ನು ಚಿಲ್ಲರ್ ತಣ್ಣಗಿಡುತ್ತೆ. ಒಳಗೆ ಮೂರು ಕಡೆ ತಾಪಮಾನ ಅಳೆಯುವ ಕಡ್ಡಿಗಳು. ಮರಳು ತುಂಬುತ್ತೇವೆ. ಮರಳಿನ ಕಣಗಳ ನಡುವಿನ ಸಂದು ಒಟ್ಟು ಜಾಗದ ನೂರರಲ್ಲಿ 40 ಭಾಗ, ಅಂದರೆ 200 ಮಿಲಿಲೀಟರ್. ನನಗೆ ಬೇಕಾದದ್ದೆಲ್ಲ ನಡೆಯೋದು ಆ ಸಂದಿನಲ್ಲಿ.

ಮೀಥೇನ್ ತುಂಬಿ 80 ಬಾರ್‌ಗೆ ಏರಿಸಿ, 2 ಡಿಗ್ರಿಗೆ ಇಳಿಸಿ ಕೂತರೆ, ಏನೂ ಆಗಲ್ಲ! ಎರಡು ಗಂಟೆ ಆಗಬಹುದು, ಎರಡು ದಿನ ಆಗಬಹುದು. ಸ್ಕ್ರೀನಿನ ಮೇಲೆ ಗೆರೆ ಸಪಾಟಾಗಿ ಹೋಗುತ್ತಿರುತ್ತೆ. ಆಮೇಲೆ ಯಾವುದೋ ನಿಮಿಷದಲ್ಲಿ ಒಳಗಿನ ತಾಪಮಾನ ತಾನಾಗಿ ಏರುತ್ತೆ, ಒತ್ತಡ ಇಳಿಯೋಕೆ ಶುರುವಾಗುತ್ತೆ. ಪಂಜರ ಕಟ್ಟುವಾಗ ಶಾಖ ಹೊರಗೆ ಬರುತ್ತೆ, ಅದಕ್ಕೇ ಏರಿಕೆ. ಗ್ಯಾಸ್ ಪಂಜರ ಸೇರುತ್ತೆ, ಅದಕ್ಕೇ ಇಳಿಕೆ. ರಾತ್ರಿ ಮೂರು ಗಂಟೆಗೆ ಆ ಗೆರೆ ಏರೋದನ್ನು ನೋಡಿದ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಒಂದು ವಿಚಿತ್ರ ಇದೆ. ಒಮ್ಮೆ ಹೈಡ್ರೇಟ್ ಆಗಿ ಕರಗಿದ ನೀರನ್ನು ಜಾಸ್ತಿ ಬಿಸಿ ಮಾಡದೆ ಹಾಗೇ ಬಿಟ್ಟು ಮತ್ತೆ ತಣ್ಣಗೆ ಮಾಡಿದರೆ, ಎರಡನೇ ಸಲ ಬೇಗ ಗಟ್ಟಿಯಾಗುತ್ತೆ. ಹಿಂದಿನ ದಿನದ ಪಾತ್ರೆಯಲ್ಲಿ ಅಷ್ಟೋ ಇಷ್ಟೋ ಹೆಪ್ಪು ಉಳಿದ ಹಾಗೆ. ಯಾಕೆ ಹಾಗೆ ಅಂತ ಕ್ಷೇತ್ರದವರಲ್ಲಿ ಇವತ್ತಿಗೂ ವಾದ ನಡೀತಿದೆ.

ಇಷ್ಟು ಸಾಮಾನ್ಯ ಕಥೆ. ಈಗ ನನ್ನ ಎರಡು ವರ್ಷದ ವಿಷಯ.

ಮರುದಿನ ಬೆಳಿಗ್ಗೆ ಅಪ್ಪ ಹೊಲದಲ್ಲಿ ಹದ ನೋಡುತ್ತಿದ್ದರು. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಬೊಗಸೆ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ, ಸೊಂಟದ ಎತ್ತರದಿಂದ ಬಿಟ್ಟರು. ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು. "ಹದ ಬಂದೈತೆ" ಅಂದರು. ನಾನು ಅಲ್ಲೇ ನಿಂತು ಆ ಪುಡಿಯನ್ನೇ ನೋಡುತ್ತಿದ್ದೆ.

ಹದವಾದ ಮಣ್ಣು ಉಂಡೆ ಕಟ್ಟೋದು ಯಾಕೆ? ಅದರಲ್ಲಿ ನೀರು ಸ್ವಲ್ಪವೇ ಇರುತ್ತೆ. ಆ ಸ್ವಲ್ಪ ನೀರು ಕಣಕ್ಕೆ ಕಣ ತಾಗುವ ಮೂಲೆಗಳಲ್ಲೇ ಹೋಗಿ ಕೂರುತ್ತೆ. ಅಲ್ಲಿ ಕೂತು ಎರಡನ್ನೂ ಎಳೆದು ಹಿಡಿಯುತ್ತೆ. ಉಳಿದ ಸಂದಿನಲ್ಲೆಲ್ಲ ಗಾಳಿ. ಪೂರ್ತಿ ಮುಳುಗಿಸಿದರೆ ಉಂಡೆ ಇಲ್ಲ, ಕೆಸರು.

ಲ್ಯಾಬಿನಲ್ಲಿ ಎರಡು ವರ್ಷ ನಾನು ಮಾಡಿದ್ದು ಹದದ ಮರಳನ್ನೇ. ಒಣ ಮರಳಿಗೆ ಅಳೆದು ನೀರು ಕಲಸಿ, ಸೆಲ್‌ಗೆ ತುಂಬಿ ತಟ್ಟಿ, ಮೇಲಿಂದ ಮೀಥೇನ್ ಬಿಡೋದು. ಗ್ಯಾಸ್ ಎಲ್ಲ ಕಡೆ ಸಿಗುತ್ತೆ, ಹೈಡ್ರೇಟ್ ಬೇಗ ಆಗುತ್ತೆ. 100 ಮಿಲಿಲೀಟರ್ ನೀರು ಪೂರ್ತಿ ಹೈಡ್ರೇಟ್ ಆದರೆ 20 ಲೀಟರಿಗೂ ಜಾಸ್ತಿ ಮೀಥೇನ್ ಹಿಡಿದಿಡುತ್ತೆ. ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಆದರೆ ನೀರು ಕೂತಿದ್ದು ಕಣಗಳು ತಾಗುವ ಮೂಲೆಯಲ್ಲಿ. ಹಾಗಾಗಿ ಹೈಡ್ರೇಟ್ ಆದದ್ದೂ ಅಲ್ಲೇ. ಸಿಮೆಂಟಿನ ಹಾಗೆ ಕಣಕ್ಕೆ ಕಣ ಅಂಟಿಸಿಬಿಟ್ಟಿತು. ಹೈಡ್ರೇಟ್ ಸ್ವಲ್ಪವೇ ಇದ್ದರೂ ಮರಳಿನ ದಿಂಡು ಕಲ್ಲಿನ ಹಾಗೆ ಗಟ್ಟಿ. ಗಟ್ಟಿ ಇದ್ದಷ್ಟೂ ಶಬ್ದ ಬೇಗ ಹೋಗುತ್ತೆ; ಇದರಲ್ಲಿ ಶಬ್ದದ ಅಲೆ ಕಳಿಸಿದರೆ ಬಾಣದ ಹಾಗೆ ಓಡುತ್ತಿತ್ತು. ಕಡಲಲ್ಲಿ ಬಾವಿ ಕೊರೆದು ಅಳೆದವರ ಅಂಕಿ ಪಕ್ಕದಲ್ಲಿಟ್ಟರೆ ನನ್ನದು ಎಲ್ಲೋ ಮೇಲೆ. ನಮ್ಮ ಗೈಡ್ ಆ ಗ್ರಾಫ್ ನೋಡಿ ಬಹಳ ಹೊತ್ತು ಸುಮ್ಮನಿದ್ದರು. "ಇದು ಹೈಡ್ರೇಟ್ ಹೌದಮ್ಮ, ಆದರೆ ಕಡಲಿನದ್ದಲ್ಲ" ಅಂದರು.

ಕಡಲ ತಳದಲ್ಲಿ ಹದ ಅನ್ನೋದೇ ಇಲ್ಲ. ಅಲ್ಲಿ ಎಲ್ಲ ಸಂದೂ ನೀರಿನಿಂದ ತುಂಬಿರುತ್ತೆ. ಮೀಥೇನ್ ಬಹುಪಾಲು ಆ ನೀರಿನಲ್ಲಿ ಕರಗಿಕೊಂಡೇ ಬರುತ್ತೆ. ಅಲ್ಲಿ ಹೈಡ್ರೇಟ್ ಸಂದಿನ ನಡುವೆ ಬೆಳೆಯುತ್ತೆ, ಬೆಳೆದು ಬೆಳೆದು ಕೊನೆಗೆ ಕಣಗಳಿಗೆ ಆನಿಕೊಳ್ಳುತ್ತೆ. ಅಂಟಿಸೋದು ಬೇರೆ, ಆನಿಸೋದು ಬೇರೆ. ಹೈಡ್ರೇಟ್ ಅಷ್ಟೇ ಇರಬಹುದು, ಆದರೆ ಮಣ್ಣು ನಡೆದುಕೊಳ್ಳುವ ರೀತಿಯೇ ಬದಲಾಗುತ್ತೆ. ಈ ವ್ಯತ್ಯಾಸವನ್ನು ನಾನು ಮೊದಲೇ ಓದಿದ್ದೆ. ಓದಿದ್ದು ತಲೆಯಲ್ಲಿತ್ತು ಅಷ್ಟೇ. ಅಪ್ಪನ ಕೈಯಿಂದ ಉಂಡೆ ಬಿದ್ದು ಒಡೆದಾಗ ಅದು ಕಣ್ಣಿಗೆ ಕಂಡಿತು.

ಕಡಲಿನ ದಾರಿಯಲ್ಲೇ ಮಾಡೋಣ ಅಂದರೆ ಅದು ನಿಧಾನ. ಮೀಥೇನ್ ನೀರಿನಲ್ಲಿ ಕರಗೋದೇ ಕಷ್ಟ. ಕರಗಿಸಿದ ನೀರನ್ನು ಮರಳಿನ ಮೂಲಕ ಸುತ್ತಿಸುತ್ತಾ ವಾರಗಟ್ಟಲೆ ಕಾಯಬೇಕು. ನಡುದಾರಿ ಒಂದಿದೆ. ಮೊದಲು ಅಳೆದಷ್ಟೇ ಗ್ಯಾಸ್ ಬಿಟ್ಟು, ಆಮೇಲೆ ನೀರನ್ನು ಪಂಪ್ ಮಾಡಿ ಒತ್ತಡ ಏರಿಸೋದು. ಆಗ ಮೂಲೆಗೆ ಅಂಟೋದು ಕಮ್ಮಿ. ಈಗ ನಾವು ಹೆಚ್ಚಾಗಿ ಹಾಗೇ ಮಾಡುತ್ತೇವೆ. ಟೆಟ್ರಾಹೈಡ್ರೋಫ್ಯೂರಾನ್ ಅಂತ ಒಂದು ದ್ರಾವಕವೂ ಇದೆ. ನೀರಿನ ಜೊತೆ ಪೂರ್ತಿ ಬೆರೆಯುತ್ತೆ, ಒತ್ತಡವೇ ಬೇಡ, 4.4 ಡಿಗ್ರಿಯಲ್ಲಿ ಹೈಡ್ರೇಟ್ ಆಗುತ್ತೆ. ಹೊಸಬರಿಗೆ ಕೈ ಪಳಗಿಸೋಕೆ ಒಳ್ಳೆಯದು. ಆದರೆ ಅದು ಮೀಥೇನ್ ಅಲ್ಲ.

ಇಷ್ಟೆಲ್ಲ ಮರಳಿನ ಮಾತಾಯಿತು. ಅಪ್ಪ ಕೇಳಿದ್ದಕ್ಕೆ ಉತ್ತರ ಇನ್ನೂ ಉಳಿದಿತ್ತು.

2006ರಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಅನ್ನೋ ಹಡಗು ನಮ್ಮ ದೇಶದ ಸುತ್ತ ಹೈಡ್ರೇಟ್ ಹುಡುಕುತ್ತಾ ಕೊರೆಯಿತು. ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾನ ಅದು. ಆಂಧ್ರದ ಆಚೆ, ಕೃಷ್ಣಾ-ಗೋದಾವರಿ ನದಿಗಳು ಸೇರುವ ಕಡಲಿನಲ್ಲಿ, ಸುಮಾರು ಸಾವಿರ ಮೀಟರ್ ನೀರಿನ ಕೆಳಗೆ, ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ಇರುವ ಪದರ ಸಿಕ್ಕಿತು. ದೊಡ್ಡ ಸುದ್ದಿ. ಆದರೆ ಅದು ಇದ್ದದ್ದು ಜೇಡಿಯಲ್ಲಿ. ಜೇಡಿಯ ಬಿರುಕುಗಳಲ್ಲಿ ನರಗಳ ಹಾಗೆ, ಗಂಟುಗಳ ಹಾಗೆ. 2015ರಲ್ಲಿ ಚಿಕ್ಯೂ ಅನ್ನೋ ಜಪಾನಿನ ಹಡಗು ಎರಡನೇ ಯಾನಕ್ಕೆ ಬಂದಾಗ, ಅದೇ ಕಡಲಿನಲ್ಲಿ ಮರಳಿನ ಪದರಗಳಲ್ಲಿ ಹೈಡ್ರೇಟ್ ಸಿಕ್ಕಿತು. ಕ್ಷೇತ್ರದವರು ನಿಜವಾಗಿ ಸಂಭ್ರಮ ಪಟ್ಟಿದ್ದು ಆಗ.

ಜೇಡಿಗೂ ಮರಳಿಗೂ ಯಾಕೆ ಅಷ್ಟು ವ್ಯತ್ಯಾಸ ಅಂತ ಬಾಯಲ್ಲಿ ಹೇಳೋ ಬದಲು ತೋರಿಸೋಣ ಅನ್ನಿಸಿತು. ಎರಡು ಸ್ಟೀಲ್ ಲೋಟ ತೆಗೆದುಕೊಂಡೆ. ಒಂದಕ್ಕೆ ಜರಡಿ ಹಿಡಿದ ಮರಳು, ಇನ್ನೊಂದಕ್ಕೆ ಜೇಡಿಯಂಥ ನಮ್ಮೂರ ಕೆರೆ ಗೋಡು. ಬೇಸಿಗೆಯಲ್ಲಿ ಕೆರೆಯಿಂದ ಎತ್ತಿ ಹೊಲಕ್ಕೆ ಹೊಡೆಸಿದ್ದು, ಒಂದು ಗುಡ್ಡೆ ಕಣದಲ್ಲಿ ಉಳಿದಿತ್ತು. ಎರಡಕ್ಕೂ ನೀರು ತುಂಬಿಸಿ, ಗಾಳಿ ಹೋಗುವಷ್ಟು ಕುಟ್ಟಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ.

ಅಮ್ಮನಿಗೆ ಸಿಟ್ಟು ಬಂತು. "ಹಾಲಿನ ಪಕ್ಕ ಗೋಡು ಇಡ್ತಾರೇನೇ?" ಅಂದರು. ಆದರೂ ತೆಗೆಯಲಿಲ್ಲ. ಒಂದು ತಟ್ಟೆ ಮುಚ್ಚಿಟ್ಟರು.

ಎರಡನೇ ದಿನ ಎರಡನ್ನೂ ಕವುಚಿ ಮಚ್ಚಿನಿಂದ ಸೀಳಿದೆವು. ಮರಳಿನ ಲೋಟದಲ್ಲಿ ಮಂಜುಗಡ್ಡೆ ಕಣ್ಣಿಗೆ ಕಾಣಲೇ ಇಲ್ಲ. ಎಲ್ಲ ಸಂದಿನಲ್ಲೂ ಸಮನಾಗಿ ಕೂತು ಇಡೀ ಮುದ್ದೆ ಒಂದೇ ಕಲ್ಲಾಗಿತ್ತು. ಗೋಡಿನ ಲೋಟದಲ್ಲಿ ಬೇರೆಯೇ ಚಿತ್ರ. ಬೆಳ್ಳನೆಯ ತೆಳು ಎಳೆಗಳು ಅಡ್ಡಡ್ಡ ಹಾದುಹೋಗಿದ್ದವು. ಎಳೆಗಳ ನಡುವೆ ಗೋಡು ಬೇರೆಯಾಗಿ ಉಳಿದಿತ್ತು. ಗೋಡಿನ ಸಂದು ಎಷ್ಟು ಸಣ್ಣದು ಅಂದರೆ, ಹರಳಿಗೆ ಅದರೊಳಗೆ ಬೆಳೆಯೋಕೆ ಕಷ್ಟ. ಸಣ್ಣ ಸಂದಿನಲ್ಲಿ ಗಟ್ಟಿಯಾಗಬೇಕಾದರೆ ಇನ್ನೂ ಜಾಸ್ತಿ ಚಳಿ ಬೇಕು. ಅದಕ್ಕೆ ಹರಳು ಮಣ್ಣನ್ನೇ ಪಕ್ಕಕ್ಕೆ ತಳ್ಳಿ ತನ್ನ ಜಾಗ ಮಾಡಿಕೊಳ್ಳುತ್ತೆ. ಹೈಡ್ರೇಟೂ ಜೇಡಿಯಲ್ಲಿ ಹಾಗೇ.

ಅಪ್ಪ ಗೋಡಿನ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದರೊಳಗಿಂದ ಗ್ಯಾಸ್ ಹೆಂಗೆ ಎಳೀತೀರಿ? ನೀರೇ ಇಳಿಯಲ್ಲ ಇದ್ರಲ್ಲಿ" ಅಂದರು.

ಅದೇ ಕಷ್ಟ. ಎಳೆ ಕರಗಿ ಗ್ಯಾಸ್ ಬಿಟ್ಟರೂ ಅದು ಬಾವಿವರೆಗೆ ಬರೋಕೆ ದಾರಿ ಬೇಕು. ಮರಳಿನಲ್ಲಿ ದಾರಿ ಇದೆ. ಆದರೆ ಮರಳಿಗೆ ಬೇರೆ ಕಾಟ. 2013ರ ಮಾರ್ಚಿನಲ್ಲಿ ಜಪಾನಿನವರು ನಂಕೈ ಅನ್ನೋ ಕಡೆ ಕಡಲೊಳಗಿನ ಹೈಡ್ರೇಟಿನಿಂದ ಮೊದಲ ಸಲ ಗ್ಯಾಸ್ ತೆಗೆದರು. ಬಾವಿಯ ಒತ್ತಡ ಇಳಿಸಿದರು, ಹೈಡ್ರೇಟ್ ಕರಗಿತು, ಗ್ಯಾಸ್ ಬಂತು. ಆರು ದಿನದಲ್ಲಿ ಸುಮಾರು 1,20,000 ಘನ ಮೀಟರ್. ಆಮೇಲೆ ಬಾವಿಗೆ ಮರಳು ನುಗ್ಗಿತು, ನಿಲ್ಲಿಸಬೇಕಾಯಿತು. ಕಣಗಳಿಗೆ ಆನಿಕೊಂಡಿದ್ದ ಹೈಡ್ರೇಟ್ ಕರಗಿತಲ್ಲ, ಮರಳನ್ನು ಹಿಡಿದಿಡೋಕೆ ಯಾರೂ ಉಳಿಯಲಿಲ್ಲ.

ಇದನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಎರಡನೇ ಬೋರ್‌ವೆಲ್ಲಿನಲ್ಲಿ ಕೇಸಿಂಗ್ ಪೈಪ್ ಸರಿಯಾಗಿ ಕೂರದೆ, ನೀರಿನ ಜೊತೆ ಮರಳು ಬಂದು ಬಂದು ಮೋಟ್ರು ಸುಟ್ಟುಹೋಗಿತ್ತು. ಆ ವರ್ಷ ಆಲೂಗೆಡ್ಡೆಗೆ ಅಂಗಮಾರಿಯೂ ಬಿದ್ದಿತ್ತು. ಅಮ್ಮನ ಬಳೆ ಅಡವಿಟ್ಟು ಮೋಟ್ರು ಕಟ್ಟಿಸಿದ್ದರು. "ಅಷ್ಟು ದೊಡ್ಡ ದೇಶದೋರಿಗೂ ಮರಳು ಬಂತಾ" ಅಂತ ಅಪ್ಪ ತುಂಬಾ ಹೊತ್ತು ಅದೇ ಯೋಚನೆಯಲ್ಲಿದ್ದರು. 2017ರಲ್ಲಿ ಚೀನಾದವರು ಗೋಡಿನಂಥ ಹೂಳಿನಿಂದಲೇ 60 ದಿನ ಗ್ಯಾಸ್ ತೆಗೆದರು, 3,00,000 ಘನ ಮೀಟರಿಗೂ ಜಾಸ್ತಿ ಅಂದಾಗ, "ಗೋಡಲ್ಲೂ ಬಂತಾ!" ಅಂತ ಎದ್ದು ಕೂತರು.

ಇನ್ನೊಂದು ತೊಂದರೆ ನೆನಪಾದದ್ದು ಆ ಭಾನುವಾರ, ಚಿಕ್ಕಪ್ಪನ ಮಗನ ಬೀಗರೂಟದಲ್ಲಿ. ಎರಡು ದೊಡ್ಡ ಹಂಡೆಯಲ್ಲಿ ಮಟನ್ ಬೇಯುತ್ತಿತ್ತು. ಒಲೆಯ ಉರಿ ಇದ್ದಕ್ಕಿದ್ದ ಹಾಗೆ ಕುಗ್ಗಿತು. ಸಿಲಿಂಡರ್ ಮೈಮೇಲೆ ಕೆಳಗಿನಿಂದ ಅರ್ಧದವರೆಗೆ ಬೆಳ್ಳಗೆ ಹಿಮ ಕಟ್ಟಿತ್ತು. ಅಡುಗೆಯವರು ಅದನ್ನು ನೀರು ತುಂಬಿದ ಅಗಲದ ಬಾಂಡ್ಲಿಯಲ್ಲಿ ನಿಲ್ಲಿಸಿದರು. ಉರಿ ಮತ್ತೆ ಎದ್ದಿತು. ಒಳಗಿನ ದ್ರವ ಗ್ಯಾಸ್ ಆಗೋಕೆ ಶಾಖ ಬೇಕು. ಜೋರಾಗಿ ಎಳೆದರೆ ಅದು ತನ್ನ ಮೈಯ ಶಾಖವನ್ನೇ ತಿನ್ನುತ್ತೆ, ತಣ್ಣಗಾಗುತ್ತೆ, ಗ್ಯಾಸ್ ಏಳೋದು ಕಮ್ಮಿಯಾಗುತ್ತೆ.

ನನ್ನ ಸೆಲ್‌ನಲ್ಲಿ ನಡೆಯೋದೂ ಇದೇ. ಒತ್ತಡ ಇಳಿಸಿದಾಗ ಹೈಡ್ರೇಟ್ ಒಡೆಯುತ್ತೆ. ಒಡೆಯೋಕೆ ಶಾಖ ಬೇಕು. ಅದನ್ನು ಸುತ್ತಲಿನ ಮರಳು, ನೀರಿನಿಂದ ಎಳೆದುಕೊಳ್ಳುತ್ತೆ. ಅವಸರ ಮಾಡಿ ಒಂದೇ ಸಲ ಇಳಿಸಿದರೆ ತಾಪಮಾನ 0ಗಿಂತ ಕೆಳಗೆ ಬೀಳುತ್ತೆ. ಬಿಡುಗಡೆಯಾದ ನೀರೇ ಮಂಜುಗಡ್ಡೆಯಾಗಿ ಸಂದು ಮುಚ್ಚುತ್ತೆ. ಗ್ಯಾಸ್ ನಿಂತುಹೋಗುತ್ತೆ. ಒಟ್ಟು ಲೆಕ್ಕದಲ್ಲಿ ಈ ಶಾಖ ದೊಡ್ಡದಲ್ಲ. ಆ ಮೀಥೇನ್ ಉರಿಸಿದರೆ ಸಿಗುವ ಶಾಖದ ನೂರರಲ್ಲಿ ಆರು ಭಾಗ ಅಷ್ಟೇ. ಆದರೆ ಅದು ಬೇಕಾದ ಜಾಗಕ್ಕೆ ಬೇಕಾದ ಹೊತ್ತಿಗೆ ಬರಬೇಕು. ಕಡಲ ಅಡಿಯಲ್ಲಿ ಬಾಂಡ್ಲಿ ಇಡೋರು ಯಾರು? ಆ ಶಾಖ ಮಣ್ಣಿನ ಮೂಲಕವೇ ಹರಿದು ಬರಬೇಕು. ಎಲ್ಲ ದಾರಿಯೂ ಸುತ್ತಿ ಮಣ್ಣಿಗೇ ಬರುತ್ತೆ.

ಗ್ಯಾಸ್ ತೆಗೆಯಲೇಬೇಕಾ ಅಂತ ನನ್ನನ್ನು ಕೇಳುವವರಿದ್ದಾರೆ. ನನಗೆ ಆತುರ ಇಲ್ಲ. ಸುಡದೆ ಸೋರಿಹೋದ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತೆ. ಹೈಡ್ರೇಟ್ ಹಿಡಿದಿಟ್ಟ ಇಳಿಜಾರಿನಲ್ಲಿ ಅದನ್ನು ಕರಗಿಸಿದರೆ ನೆಲ ಎಷ್ಟು ಸಡಿಲವಾಗುತ್ತೆ ಅನ್ನೋದನ್ನು ಮೊದಲು ಅಳೆಯಬೇಕು. ಅಂಟಿಸಿದ ಮರಳಿನ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದರೆ ನೆಲ ಗಟ್ಟಿ ಅಂತ ಬರುತ್ತೆ. ನಿಜವಾದ ನೆಲ ಅಷ್ಟು ಗಟ್ಟಿ ಇರಲ್ಲ. ನನ್ನ ಹಳೆಯ ಗ್ರಾಫ್ ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ ಅನ್ನುತ್ತೆ. ಯಾರಾದರೂ ಅದನ್ನು ನಂಬಿ ಬಾವಿ ಕೊರೆದಿದ್ದರೆ?

ಹೊರಡುವ ದಿನ ಅಪ್ಪ ಒಂದು ಸಣ್ಣ ಅಕ್ಕಿ ಚೀಲ ತಂದಿಟ್ಟರು. ಒಳಗೆ ಕೆರೆ ಗೋಡು. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಎರಡು ಸಲ ಹಿಡಿದಿದ್ದರು. ಒಂದು ಬೇರು ಇಲ್ಲ, ಒಂದು ಕಲ್ಲು ಇಲ್ಲ. "ಮರಳಲ್ಲಿ ಬೇಕಾದಷ್ಟು ಮಾಡ್ದೆಯಲ್ಲ, ಇದ್ರಲ್ಲಿ ಮಾಡಿ ನೋಡು" ಅಂದರು. ಅಮ್ಮ ಅದನ್ನು ಚಟ್ನಿಪುಡಿ, ಅವಲಕ್ಕಿಯ ಜೊತೆ ಬ್ಯಾಗಿನ ತಳದಲ್ಲಿಟ್ಟರು. ಹೈಡ್ರೇಟಿನ ಪ್ರಯೋಗಕ್ಕೆ ಲ್ಯಾಬಿನವರು ಅಂಗಡಿಯಿಂದ ಅಳತೆಯ ಮರಳು, ಗಾಜಿನ ಮಣಿ, ಜೇಡಿ ಪುಡಿ ತರಿಸುತ್ತಾರೆ. ಕೆರೆ ಗೋಡು ಕಡಲ ಹೂಳಿಗೆ ಸಮ ಅಲ್ಲ, ನನಗೆ ಗೊತ್ತು. ಆದರೂ ಗೈಡ್ ಹತ್ತಿರ ಕೇಳಿದೆ. ಅವರು ಚೀಲದೊಳಗೆ ಕೈ ಹಾಕಿ, ಬೆರಳಲ್ಲಿ ಉಜ್ಜಿ ನೋಡಿ, "ಹಾಕು" ಅಂದರು.

ಗೋಡು ಈಗ ಸೆಲ್‌ನಲ್ಲಿದೆ. 85 ಬಾರ್, 2 ಡಿಗ್ರಿ. ಇವತ್ತಿಗೆ ಆರನೇ ದಿನ. ಗೆರೆ ಇನ್ನೂ ಸಪಾಟು. ನಿನ್ನೆ ರಾತ್ರಿ ಅಪ್ಪ ಫೋನ್ ಮಾಡಿ, "ಏನಾದ್ರೂ ಆಯ್ತಾ?" ಅಂದರು. ಇಲ್ಲ ಅಂದೆ. ನಮ್ಮ ಆಲೂಗೆಡ್ಡೆ ಮೊಳಕೆ ಮೇಲೆ ಬಂದಿದೆಯಂತೆ, ಬುಡಕ್ಕೆ ಮಣ್ಣು ಏರಿಸೋಕೆ ಸೋಮವಾರ ಆಳು ಹೇಳಿದ್ದಾರಂತೆ.